ಕಾಮನಬಿಲ್ಲಿನ ಚಿತ್ರಕ್ಕೆ ತಾರೀಖು ಬರೆದಿಡೋಣ

ಹಸ್ತ ಮಳೆಯ ಸಂಜೆ ಕವಲೇದುರ್ಗವನ್ನೇರಿದರೆ ಶ್ರೀಕಂಠೇಶ್ವರ ಗುಡಿಯ ಬಳಿ ಕ್ಯಾಮೆರಾ ಹಿಡಿದ ಯುವಕರು ಕಾಣಸಿಗುತ್ತಾರೆ. ಪಶ್ಚಿಮದ ಮೋಡ ಹರಿದು ಬಿಸಿಲು ಬಿದ್ದೊಡನೆ ಪೂರ್ವದಲ್ಲಿ, ಕೆಳದಿ ಅರಸರ ಕಾಲದ ಗೋಡೆಗಳ ಮೇಲೆ, ಕಾಮನಬಿಲ್ಲು ಮೂಡುತ್ತದೆ. ಚಿತ್ರ ಅಂದೇ ಮೊಬೈಲಿನಿಂದ ಮೊಬೈಲಿಗೆ ಹರಡುತ್ತದೆ. ಆದರೆ ಅದನ್ನು ತೆಗೆದ ದಿನ, ಹೊತ್ತು, ದಿಕ್ಕು ಯಾರಿಗೂ ತಿಳಿಯದೆ ಹೋಗುತ್ತವೆ. ಈ ನಷ್ಟ ಸಣ್ಣದಲ್ಲ.

ಕಾಮನಬಿಲ್ಲು ಕಾಣಬೇಕಾದರೆ ಸೂರ್ಯ ಬೆನ್ನ ಹಿಂದಿರಬೇಕು, ಎದುರಿಗೆ ಮಳೆಹನಿಗಳಿರಬೇಕು. ಸೂರ್ಯನು 42 ಡಿಗ್ರಿಗಿಂತ ಮೇಲೇರಿದರೆ ಸಮತಟ್ಟು ನೆಲದಲ್ಲಿ ನಿಂತವರಿಗೆ ಅದು ಕಾಣದು. ಆಷಾಢದಲ್ಲಿ ದಿನಗಟ್ಟಲೆ ಮೋಡ ಕವಿದಾಗಲೂ ಕಾಣದು. ಆದುದರಿಂದ ತಾರೀಖು, ಹೊತ್ತು ನಮೂದಾದ ಒಂದು ಚಿತ್ರವು ಆ ಗಳಿಗೆಯಲ್ಲಿ ಮಳೆಯೊಡನೆ ಬಿಸಿಲೂ ಇತ್ತೆಂಬುದಕ್ಕೆ ಸಾಕ್ಷಿಯಾಗುತ್ತದೆ. ಮಳೆಮಾಪಕವು ದಿನದ ಮಿಲಿಮೀಟರುಗಳನ್ನು ಹೇಳೀತೇ ಹೊರತು ನಡುವಿನ ಬಿಸಿಲನ್ನು ಹೇಳುವುದಿಲ್ಲ.

ಆ ಬಿಸಿಲಿನ ಬೆಲೆ ಅಡಿಕೆ ಬೆಳೆಗಾರರಿಗೆ ಗೊತ್ತು. ಕೊಳೆರೋಗಕ್ಕೆ ಶೇ. 1ರ ಬೋರ್ಡೋ ದ್ರಾವಣ ಸಿಂಪಡಿಸಲು ಮಳೆ ಬಿಡುವು ಕೊಡಬೇಕು. ಕೊಯ್ಲಿನ ನಂತರ ಅಂಗಳದಲ್ಲಿ ಹರವಿದ ಅಡಿಕೆ ಒಣಗಬೇಕು. ಈ ಬಿಡುವುಗಳು ಯಾವ ತಿಂಗಳಿಗೆ ಸರಿಯುತ್ತಿವೆ ಎಂಬುದು ನಮ್ಮ ಅನ್ನದ ಪ್ರಶ್ನೆ.

ಜನಸಾಮಾನ್ಯರ ಚಿತ್ರಗಳು ವಿಜ್ಞಾನಕ್ಕೆ ಒದಗಲಾರವೆಂದು ತಿಳಿಯಬಾರದು. 2022ರಲ್ಲಿ ಪ್ರಕಟವಾದ ಜಾಗತಿಕ ಅಧ್ಯಯನವೊಂದು ಫ್ಲಿಕರ್ ತಾಣದಲ್ಲಿ ಜನರು ಹಂಚಿಕೊಂಡ ಕಾಮನಬಿಲ್ಲಿನ ಚಿತ್ರಗಳನ್ನೇ ಆಧರಿಸಿತ್ತು. ಭೂಮಿ ಬಿಸಿಯೇರಿದಂತೆ 2100ರ ವೇಳೆಗೆ ಕಾಮನಬಿಲ್ಲು ಕಾಣುವ ದಿನಗಳು ಸರಾಸರಿ ಶೇ. 4ರಿಂದ 5ರಷ್ಟು ಹೆಚ್ಚಬಹುದು, ಕೆಲವು ಪ್ರದೇಶಗಳಲ್ಲಿ ಕಡಿಮೆಯಾಗಬಹುದು ಎಂದು ಅದು ಅಂದಾಜಿಸಿತು. ಮಲೆನಾಡಿನ ಪಾಲಿಗೆ ಯಾವುದು ಬರಲಿದೆ ಎಂಬುದನ್ನು ಇಲ್ಲಿರುವ ನಾವೇ ನೋಡಿ ಬರೆದಿಡಬೇಕು.

ಒಂದು ಚಿತ್ರ ಹಿಡಿದು ಹವಾಮಾನ ಬದಲಾಯಿತೆಂದು ಸಾರುವುದು ಸಲ್ಲದು. ಒಂದೇ ಜಾಗದಿಂದ, ಒಂದೇ ದಿಕ್ಕಿಗೆ, ವರ್ಷಗಟ್ಟಲೆ ತೆಗೆದ ಚಿತ್ರಗಳು ಬೇಕು. ಕೋಟೆಗಳು ಇದಕ್ಕೆ ತಕ್ಕ ನೆಲೆ. ಬಾಗಿಲು, ಬುರುಜುಗಳು ಇದ್ದಲ್ಲೇ ಇರುವುದರಿಂದ ಸುತ್ತಲಿನ ಕಾಡು, ಕೊಳ, ಮೋಡಗಳ ಬದಲಾವಣೆಯನ್ನು ಅವುಗಳೊಡನೆ ಹೋಲಿಸಬಹುದು. ಬಿಲ್ಲು ಮೂಡದ ದಿನದ ಬರಿಯ ಆಕಾಶವನ್ನೂ ತೆಗೆದಿಡಬೇಕು. ಬಣ್ಣ ತಿದ್ದದ ಮೂಲ ಪ್ರತಿಯನ್ನು ಕಾಪಾಡಬೇಕು.

ನಮ್ಮ ಬಳಗದವರು, ಶಾಲೆಯ ಮಕ್ಕಳು ಮುಂದಿನ ಮಳೆಗಾಲದಿಂದಲೇ ಇದನ್ನು ಆರಂಭಿಸಬಹುದು. ನಿಲ್ಲುವ ಜಾಗವನ್ನು ನೆನಪಿಟ್ಟುಕೊಂಡರೆ ಸಾಕು, ಕೋಟೆಯ ಕಲ್ಲಿಗೆ ಬಣ್ಣ ಬಳಿಯುವುದು ಬೇಡ. ಒಂದು ನೋಟ್‌ಬುಕ್ಕು, ಇರುವ ಮೊಬೈಲು, ಹತ್ತು ವರ್ಷಗಳ ತಾಳ್ಮೆ: ಇಷ್ಟೇ ಖರ್ಚು.