ಬೇರೆಯವರ ಕನ್ನಡಕದಲ್ಲಿ ಕೊರಿಯಾ

ಕೊರಿಯಾ ಬಗ್ಗೆ ನಮ್ಮ ವಯಸ್ಸಿನವರಿಗೆ ಗೊತ್ತಿರುವುದು ಎರಡು ದಾರಿಯಿಂದ ಬಂದದ್ದು. ಒಂದು, ಅಲ್ಲಿನ ಸೀರಿಯಲ್ಲು ಮತ್ತು ಹಾಡುಗಳು. ಇನ್ನೊಂದು, ಇಂಗ್ಲಿಷ್ ಪಾಠ ಹೇಳಲು ಹೋಗಿ ಅಲ್ಲೇ ನೆಲೆಸಿರುವ ಅಮೆರಿಕ, ಬ್ರಿಟನ್, ಕೆನಡಾದವರು ಮಾಡಿ ಹಾಕುವ ವಿಡಿಯೊಗಳು. ‘ಕೊರಿಯಾದಲ್ಲಿ ನನಗೆ ವಿಚಿತ್ರ ಎನಿಸಿದ ಹತ್ತು ಸಂಗತಿ’ ಎಂಬಂಥವು. ಸೀರಿಯಲ್ಲುಗಳ ಬಗ್ಗೆ ನನಗೆ ತಕರಾರಿಲ್ಲ, ನಾನೂ ನೋಡುತ್ತೇನೆ. ತಕರಾರು ಇರುವುದು ಎರಡನೆಯದರ ಬಗ್ಗೆ. ಅವರಿಗೆ ವಿಚಿತ್ರ ಎನಿಸಿದ್ದನ್ನೆಲ್ಲ ನಾವೂ ಬಾಯಿ ಬಿಟ್ಟುಕೊಂಡು ವಿಚಿತ್ರ ಎಂದೇ ನೋಡುತ್ತೇವೆ.

ಆ ಹತ್ತು ಸಂಗತಿಗಳು ಯಾವುವು ನೋಡಿ. ಕೊರಿಯಾದವರು ಪರಿಚಯವಾದ ಕೂಡಲೇ ವಯಸ್ಸು ಕೇಳುತ್ತಾರೆ. ಮದುವೆ ಆಗಿದೆಯಾ ಎಂದು ಕೇಳುತ್ತಾರೆ. ಚಪ್ಪಲಿ ಬಾಗಿಲಲ್ಲೇ ಬಿಡಬೇಕು. ದೊಡ್ಡವರನ್ನು ಹೆಸರು ಹಿಡಿದು ಕರೆಯುವಂತಿಲ್ಲ, ಅಣ್ಣ, ಅಕ್ಕ ಎನ್ನಬೇಕು. ಅಂಗಡಿಯಲ್ಲಿ ಕೂತ ಗುರುತಿಲ್ಲದ ಹೆಂಗಸೂ ಚಿಕ್ಕಮ್ಮನೋ ಅತ್ತೆಯೋ ಆಗುತ್ತಾಳೆ. ಎದುರು ಸಿಕ್ಕವರು ‘ಊಟ ಆಯ್ತಾ’ ಅನ್ನುತ್ತಾರೆ, ಆದರೆ ಊಟಕ್ಕೆ ಕರೆಯುವುದಿಲ್ಲ! ಈ ಕೊನೆಯದನ್ನು ಒಬ್ಬರು ಐದು ನಿಮಿಷ ವಿವರಿಸಿದ್ದನ್ನು ನೋಡಿದ್ದೇನೆ. ಚಿಂತಾಮಣಿಯಲ್ಲಿ ಬಸ್ ಹತ್ತಿ ಶಿಡ್ಲಘಟ್ಟದಲ್ಲಿ ಇಳಿಯುವುದರೊಳಗೆ ಪಕ್ಕದ ಸೀಟಿನ ಅಜ್ಜಿ ನಮ್ಮ ವಯಸ್ಸು, ಊರು, ಅಪ್ಪನ ಕೆಲಸ, ಮದುವೆಯ ವಿಚಾರ ಎಲ್ಲ ತಿಳಿದುಕೊಂಡಿರುತ್ತಾರೆ. ನಮಗೆ ಇದರಲ್ಲಿ ವಿಚಿತ್ರ ಏನಿದೆ?

ವಯಸ್ಸಿನ ಲೆಕ್ಕವೂ ಹಾಗೆಯೇ. ಕೊರಿಯಾದ ಹಳೆಯ ಲೆಕ್ಕದಲ್ಲಿ ಮಗು ಹುಟ್ಟಿದಾಗಲೇ ಅದಕ್ಕೆ ಒಂದು ವರ್ಷ. ಹೊಸ ವರ್ಷ ಬಂದಾಗ ಎಲ್ಲರಿಗೂ ಒಟ್ಟಿಗೆ ಇನ್ನೊಂದು. 2023ರ ಜೂನ್ 28ರಿಂದ ಸರ್ಕಾರಿ ಕಾಗದಪತ್ರಗಳಿಗೆಲ್ಲ ಹುಟ್ಟಿದ ದಿನದ ಲೆಕ್ಕವನ್ನೇ ಹಿಡಿಯಬೇಕು ಎಂಬ ಕಾನೂನು ಬಂತು. ಇಂಗ್ಲಿಷಿನವರು ಈ ಹಳೆಯ ಲೆಕ್ಕವನ್ನು ದೊಡ್ಡ ಒಗಟೆಂದು ಹೇಳಿದ್ದೇ ಹೇಳಿದ್ದು. ‘ಐದು ತುಂಬಿ ಆರರಲ್ಲಿ ನಡೀತಾ ಐತೆ’ ಎಂದು ಮೊಮ್ಮಗನನ್ನು ಶಾಲೆಗೆ ಸೇರಿಸಲು ಬರುವ ನಮ್ಮ ಹಳ್ಳಿಯ ಅಜ್ಜನಿಗೆ ಅದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

ಇನ್ನು ಬೊಂಡೆಗಿ. ಸೋಲ್ ನಗರದ ಬೀದಿ ಬದಿಯಲ್ಲಿ ಲೋಟದಲ್ಲಿ ಹಾಕಿ ಮಾರುವ ಬೇಯಿಸಿದ ರೇಷ್ಮೆಹುಳು. ವಿದೇಶಿಯರ ಪಟ್ಟಿಗಳಲ್ಲಿ ಇದಕ್ಕೆ ಕಾಯಂ ಸ್ಥಾನ. ಮೂಗು ಮುಚ್ಚಿಕೊಂಡ ಮುಖವನ್ನೇ ವಿಡಿಯೊದ ಮೇಲೆ ಅಂಟಿಸಿರುತ್ತಾರೆ. ಶಿಡ್ಲಘಟ್ಟದಲ್ಲಿ ಬೆಳೆದವರಿಗೆ ಆ ವಾಸನೆ ಗೊತ್ತು. ರೀಲಿಂಗ್ ಘಟಕದಲ್ಲಿ ಗೂಡನ್ನು ಕುದಿಯುವ ನೀರಿಗೆ ಹಾಕಿ ನೂಲೆಳೆದ ಮೇಲೆ ಉಳಿಯುವುದು ಇದೇ ಹುಳು. ನಮ್ಮಲ್ಲಿ ಅದು ಎಣ್ಣೆಗೆ, ಕೋಳಿ ಮತ್ತು ಮೀನಿನ ಮೇವಿಗೆ ಹೋಗುತ್ತದೆ. ಅಲ್ಲಿ ಜನ ತಿನ್ನುತ್ತಾರೆ. ರೇಷ್ಮೆ ಅವರಿಗೂ ಒಂದು ಕಾಲಕ್ಕೆ ದೊಡ್ಡ ರಫ್ತಿನ ಸರಕಾಗಿತ್ತು. ನೂಲು ತೆಗೆದವರ ಮನೆಯಲ್ಲಿ ಹುಳು ರಾಶಿ ಬಿದ್ದಿತ್ತು, ಕಾಸಿಲ್ಲದ ಕಾಲ, ತಿಂದರು. ರಾಜ್ಯದ ಅತಿ ದೊಡ್ಡ ಗೂಡಿನ ಮಾರುಕಟ್ಟೆಗಳಲ್ಲೊಂದು ಇರುವ ಊರಿನವರಾದ ನಮಗೆ ಬೊಂಡೆಗಿಯನ್ನು ಕಂಡಾಗ ಮೂಡಬೇಕಾದ ಪ್ರಶ್ನೆ ‘ಛೀ, ಹೇಗೆ ತಿಂತಾರೆ’ ಅಲ್ಲ, ‘ಕೆ.ಜಿ.ಗೆ ಏನು ರೇಟು’ ಎಂಬುದು.

ಇದೆಲ್ಲ ಹೊತ್ತು ಹೋಗದ ಮಾತು ಎಂದುಕೊಳ್ಳಬೇಡಿ. ಚಿಕ್ಕಬಳ್ಳಾಪುರ, ಬಾಗೇಪಲ್ಲಿ ದಾಟಿ ಹೋಗುವ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲೇ ಮುಂದೆ, ಪೆನುಕೊಂಡದ ಹತ್ತಿರ ಎರ್ರಮಂಚಿಯಲ್ಲಿ ಕಿಯಾ ಕಾರ್ಖಾನೆ ಇದೆ. 2017ರಲ್ಲಿ ಆಂಧ್ರ ಸರ್ಕಾರದ ಜೊತೆ ಒಪ್ಪಂದವಾಗಿ 2019ರಲ್ಲಿ ಅಲ್ಲಿಂದ ಕಾರುಗಳು ಹೊರಬಂದವು. ಜೊತೆಗೆ ಬಿಡಿಭಾಗ ಮಾಡುವ ಕೊರಿಯಾ ಕಂಪನಿಗಳೂ ಬಂದವು, ಕೊರಿಯಾದ ಎಂಜಿನಿಯರುಗಳು ಬಂದರು, ಕೊರಿಯಾ ಊಟದ ಹೋಟೆಲುಗಳಾದವು. ಗೌರಿಬಿದನೂರಿನಲ್ಲಿ ರೈಲು ಹತ್ತಿದರೆ ಹಿಂದೂಪುರ, ಆಮೇಲೆ ಪೆನುಕೊಂಡ. ಅಂದರೆ ಕೊರಿಯಾ ನಮ್ಮ ಜಿಲ್ಲೆಯ ಗಡಿಯಾಚೆ ಒಂದೆರಡು ತಾಸಿನ ದಾರಿಯಲ್ಲೇ ಇದೆ. ಬಿಎ, ಬಿಕಾಂ, ಡಿಪ್ಲೊಮಾ ಮುಗಿಸಿ ಬೆಂಗಳೂರಿನ ಕಡೆಗೇ ಮುಖ ಮಾಡಿ ಕೂತವರು ಒಮ್ಮೆ ಉತ್ತರಕ್ಕೂ ತಿರುಗಿ ನೋಡಬಹುದು.

ಅಲ್ಲಿ ಏನು ಬೇಕು? ಎಲ್ಲರೂ ಹೇಳುವುದು ಸ್ಪೋಕನ್ ಇಂಗ್ಲಿಷ್. ನಮ್ಮ ಊರುಗಳಲ್ಲಿ ಬಸ್ ನಿಲ್ದಾಣದ ಸುತ್ತ ಎಷ್ಟು ಬೋರ್ಡುಗಳಿವೆ ಎಣಿಸಿ. ಇಂಗ್ಲಿಷ್ ಬೇಡ ಎನ್ನುವವಳಲ್ಲ ನಾನು. ಆದರೆ ಕೊರಿಯಾದಿಂದ ಬಂದ ಎಂಜಿನಿಯರಿಗೂ ಇಂಗ್ಲಿಷ್ ಶಾಲೆಯಲ್ಲಿ ಕಲಿತ ಭಾಷೆಯೇ, ನಮಗಿರುವಷ್ಟೇ ದೂರದ್ದು. ಇಬ್ಬರೂ ತಮ್ಮದಲ್ಲದ ಮಾತಿನಲ್ಲಿ ತಡವರಿಸುವಾಗ ನಡುವೆ ನಿಂತು ಅವರ ಮಾತು ನಮಗೆ, ನಮ್ಮ ಮಾತು ಅವರಿಗೆ ಮುಟ್ಟಿಸುವವರೇ ಕೆಲಸಕ್ಕೆ ಬೇಕಾದವರು. ಆ ಕೆಲಸಕ್ಕೆ ಕೊರಿಯನ್ ಬೇಕು.

ಇಂಗ್ಲಿಷಿನವರ ಕನ್ನಡಕದಿಂದ ನಿಜವಾದ ನಷ್ಟ ಆಗುತ್ತಿರುವುದು ಇಲ್ಲೇ. ಕೊರಿಯನ್ ಜಗತ್ತಿನ ಅತಿ ಕಷ್ಟದ ಭಾಷೆಗಳಲ್ಲೊಂದು ಎಂದು ಅವರು ಹೇಳುತ್ತಾರೆ. ಹೌದು, ಅವರಿಗೆ ಕಷ್ಟ. ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ನಾಮಪದದ ಬಾಲಕ್ಕೆ ಅಂಟುತ್ತದೆ, ಎದುರಿಗಿರುವವರು ದೊಡ್ಡವರಾದರೆ ಕ್ರಿಯಾಪದದ ರೂಪವೇ ಬದಲಾಗುತ್ತದೆ. ‘ನಾನು ಮನೆಗೆ ಹೋಗ್ತೀನಿ’ ಎನ್ನಲು ಅವರು ‘ನಾನುನ್ ಜಿಬೆ ಗಾಯೊ’ ಅನ್ನುತ್ತಾರೆ. ಜಿಬ್ ಎಂದರೆ ಮನೆ, ‘ಎ’ ಎಂದರೆ ನಮ್ಮ ‘ಗೆ’. ಪದಕ್ಕೆ ಪದ ಅದೇ ಸಾಲಿನಲ್ಲಿ ಕೂರುತ್ತದೆ. ‘ಬಾ’ ಮತ್ತು ‘ಬನ್ನಿ’ ನಡುವಿನ ವ್ಯತ್ಯಾಸ ಅಮೆರಿಕದವರಿಗೆ ಒಂದು ಅಧ್ಯಾಯ. ನಮಗೆ ಅದು ಮೂರನೇ ವಯಸ್ಸಿಗೇ ಬಂದಿರುತ್ತದೆ, ಇಲ್ಲದಿದ್ದರೆ ಏಟು ಬೀಳುತ್ತಿತ್ತು. ಎದೆ ಹೊಡೆದುಕೊಳ್ಳುವುದಕ್ಕೆ ನಾವು ಢವಢವ ಎಂದರೆ ಅವರು ದುಗುನ್ ದುಗುನ್ ಎನ್ನುತ್ತಾರೆ. ಇಂಥ ಅನುಕರಣೆಯ ಜೋಡಿಮಾತು ಎರಡೂ ಭಾಷೆಗಳಲ್ಲಿ ರಾಶಿ ರಾಶಿ. ನಾವು ಮಾತ್ರ ಮೊಬೈಲಿನಲ್ಲಿ ಇಂಗ್ಲಿಷಿನವರಿಗಾಗಿ ಬರೆದ ಪಾಠ ತೆರೆದು, ಕನ್ನಡದ ವಾಕ್ಯವನ್ನು ಮೊದಲು ಇಂಗ್ಲಿಷಿಗೆ ತಲೆಕೆಳಗು ಮಾಡಿ, ಮತ್ತೆ ಕೊರಿಯನ್ನಿಗೆ ನೆಟ್ಟಗೆ ಮಾಡುತ್ತೇವೆ. ಮುಂಬಾಗಿಲು ತೆರೆದಿರುವಾಗ ಹಿತ್ತಲು ಸುತ್ತಿ ಬಂದ ಹಾಗೆ.

ಈ ಹೋಲಿಕೆಯನ್ನು ನೂರು ವರ್ಷಕ್ಕೂ ಹಿಂದೆ ಗಮನಿಸಿದವನು ಕೊರಿಯಾದಲ್ಲಿದ್ದ ಒಬ್ಬ ಅಮೆರಿಕದವನೇ ಎಂಬುದು ತಮಾಷೆ. ಹೋಮರ್ ಹಲ್ಬರ್ಟ್ 1886ರಲ್ಲಿ, ಇಪ್ಪತ್ತಮೂರರ ವಯಸ್ಸಿನಲ್ಲಿ, ಅರಸರ ಶಾಲೆಯಲ್ಲಿ ಇಂಗ್ಲಿಷ್ ಕಲಿಸಲು ಹೋದವನು. ಈಗಿನ ಇಂಗ್ಲಿಷ್ ಮೇಷ್ಟ್ರುಗಳ ಮುತ್ತಾತ ಎನ್ನಬಹುದು. ಆತ ಭಾಷೆ ಕಲಿತ. ಕಲಿತು, ದೊಡ್ಡ ಮನೆಯವರೆಲ್ಲ ಚೀನೀ ಅಕ್ಷರದಲ್ಲಿ ಬರೆಯುತ್ತಿದ್ದ ಕಾಲದಲ್ಲಿ, ಜನಸಾಮಾನ್ಯರ ಹಂಗುಲ್ ಲಿಪಿಯಲ್ಲಿ ಭೂಗೋಳದ ಪಠ್ಯ ಬರೆದ. 1905ರಲ್ಲಿ ಕೊರಿಯನ್ ಮತ್ತು ನಮ್ಮ ದ್ರಾವಿಡ ಭಾಷೆಗಳ ವ್ಯಾಕರಣವನ್ನು ಹೋಲಿಸಿ ಒಂದು ಪುಸ್ತಕ ಪ್ರಕಟಿಸಿದ. ಎರಡೂ ಒಂದೇ ತಾಯಿಯ ಮಕ್ಕಳು ಎಂಬ ಅವನ ವಾದವನ್ನು ಇಂದಿನ ಭಾಷಾ ವಿದ್ವಾಂಸರು ಒಪ್ಪುವುದಿಲ್ಲ. ಅಮ್ಮ, ಅಪ್ಪ ಎಂಬ ಪದಗಳು ಎರಡೂ ಕಡೆ ಇವೆ ಎಂದು ಯಾರಾದರೂ ವಾಟ್ಸ್ಆ್ಯಪಿನಲ್ಲಿ ಕಳಿಸಿದರೆ ನೀವೂ ತಕ್ಷಣ ನಂಬಬೇಡಿ, ಅಂಥವು ಜಗತ್ತಿನ ಎಷ್ಟೋ ಭಾಷೆಗಳಲ್ಲಿವೆ. ಸಂಬಂಧ ಇಲ್ಲದಿದ್ದರೂ ವಾಕ್ಯದ ಕಟ್ಟಡ ಒಂದೇ ಬಗೆಯದು. ಕಲಿಯುವವರಿಗೆ ಅಷ್ಟು ಸಾಕು. ಜಪಾನ್ ಕೊರಿಯಾವನ್ನು ನುಂಗುವಾಗ ಹಲ್ಬರ್ಟ್ ಅದರ ವಿರುದ್ಧ ಓಡಾಡಿದ, ದೇಶ ಬಿಡಬೇಕಾಯಿತು. 1949ರಲ್ಲಿ ಮರಳಿ ಬಂದು ಸೋಲ್‌ನಲ್ಲೇ ತೀರಿಕೊಂಡ, ಅವನ ಸಮಾಧಿಯೂ ಅಲ್ಲೇ ಇದೆ. ನಮ್ಮ ಕಿಟೆಲ್ ಸಾಹೇಬರ ಜಾತಿಯವನು.

ಇಂದು ಅಲ್ಲಿಗೆ ಹೋಗುವ ಹೆಚ್ಚಿನ ಇಂಗ್ಲಿಷ್ ಮೇಷ್ಟ್ರುಗಳಿಗೆ ಆ ಒತ್ತಡವಿಲ್ಲ. ಇಂಗ್ಲಿಷ್ ಕಲಿಸುವ ಇ-2 ವೀಸಾ ಸಾಮಾನ್ಯವಾಗಿ ಏಳು ದೇಶದವರಿಗೆ: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ. ಆ ದೇಶಗಳ ಪೌರತ್ವವೇ ಅರ್ಹತೆ, ಜೊತೆಗೊಂದು ಪದವಿ ಇದ್ದರೆ ಸರಿ. 2010ರ ಜನವರಿ 1ರಂದು ಜಾರಿಗೆ ಬಂದ ಭಾರತ–ಕೊರಿಯಾ ಒಪ್ಪಂದ ನಮ್ಮವರಿಗೂ ಸಣ್ಣ ಬಾಗಿಲು ತೆರೆದಿದೆ, ಆದರೆ ಪದವಿಯ ಮೇಲೆ ಶಿಕ್ಷಕರ ಅರ್ಹತಾಪತ್ರವೂ ಬೇಕು. ಬಿಇಡಿ ಮಾಡಿದ ಇಂಗ್ಲಿಷ್ ಪದವೀಧರರು ಇದನ್ನು ವಿಚಾರಿಸಿ ನೋಡಬಹುದು. ಹೀಗೆ ಪಾಸ್‌ಪೋರ್ಟಿನ ಬಲದ ಮೇಲೆ ಹೋದವರು ಭಾಷೆ ಕಲಿಯದೆಯೂ ವರ್ಷಗಟ್ಟಲೆ ಇರಬಲ್ಲರು. ತಮ್ಮವರ ಜೊತೆಗೇ ಇದ್ದು ಅಚ್ಚರಿಗಳ ಪಟ್ಟಿ ಮಾಡಬಲ್ಲರು. ನಮಗೆ ಆ ಸೌಕರ್ಯ ಯಾರೂ ಕೊಡುವುದಿಲ್ಲ. ಕೊಡದಿದ್ದರೂ ಅಡ್ಡಿಯಿಲ್ಲ. ಕೈವಾರ ತಾತಯ್ಯನವರು ತೆಲುಗು, ಕನ್ನಡ ಎರಡರಲ್ಲೂ ಹಾಡಿದ ನೆಲ ಇದು. ಮನೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಗೂಡಿನ ಮಾರುಕಟ್ಟೆಯಲ್ಲಿ ಉರ್ದು ಮಾತಾಡುವ ಹುಡುಗನಿಗೆ ನಾಲ್ಕನೆಯ ಭಾಷೆಯ ಭಯ ಯಾಕೆ ಇರಬೇಕು?

ಹಾಗೆಂದು ಆ ವಿದೇಶಿಯರ ಅಚ್ಚರಿಯನ್ನೆಲ್ಲ ತಳ್ಳಿಹಾಕಲೂ ನನಗೆ ಮನಸ್ಸಿಲ್ಲ. ಕೆಲವು ಕಡೆ ಅವರು ‘ಯಾಕೆ?’ ಎಂದಿದ್ದಾರೆ, ನಾವು ಕೇಳುವುದನ್ನೇ ಬಿಟ್ಟಿದ್ದೇವೆ. ಸಾಹೇಬರು ಏಳುವವರೆಗೆ ಕಿರಿಯರು ಕಚೇರಿ ಬಿಡುವಂತಿಲ್ಲ ಎಂಬುದನ್ನು ಅವರು ವಿಡಿಯೊದಲ್ಲಿ ದೂರುತ್ತಾರೆ. ನಮಗೆ ಅದು ದೂರೆಂದೇ ಅನಿಸುವುದಿಲ್ಲ, ಹಾಗಾಗಿ ಅಂಥ ಕಂಪನಿಗೆ ಸೇರಿದರೆ ನಾವು ಬಾಯಿ ಮುಚ್ಚಿಕೊಂಡು ಕೂರುವವರೇ. ಚುಸೊಕ್ ಹಬ್ಬ ಬರುವುದು ನಮ್ಮ ಪಿತೃಪಕ್ಷದ ಆಸುಪಾಸಿನಲ್ಲಿ. ಹಿರಿಯರಿಗೆ ಎಡೆ ಇಡುತ್ತಾರೆ. ಎಡೆಯ ಅಡುಗೆಯನ್ನು ಸೊಸೆಯಂದಿರು ಬೆಳಗಿನಿಂದ ನಿಂತು ಮಾಡುತ್ತಾರೆ, ಗಂಡಸರು ಕೈಮುಗಿದು ಊಟಕ್ಕೆ ಕೂರುತ್ತಾರೆ. ಇದನ್ನು ಕಂಡು ಅಲ್ಲಿಗೆ ಸೊಸೆಯಾಗಿ ಹೋದ ವಿದೇಶಿ ಹುಡುಗಿಯರು ಸಿಟ್ಟಾಗುತ್ತಾರೆ. ಆ ವಿಡಿಯೊವನ್ನು ಅಮ್ಮನಿಗೆ ತೋರಿಸಿದೆ. ‘ಪರವಾಗಿಲ್ಲ, ಅಲ್ಲಿ ಕೇಳೋರಾದ್ರೂ ಇದಾರೆ’ ಎಂದರು.

ಪರೀಕ್ಷೆಯ ವಿಷಯವೂ ಅಂಥದ್ದೇ. ನವೆಂಬರಿನಲ್ಲಿ ನಡೆಯುವ ಅವರ ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷ್ ಕೇಳಿ ಬರೆಯುವ ಭಾಗ ನಡೆಯುವಷ್ಟು ಹೊತ್ತು ಸದ್ದಾಗಬಾರದೆಂದು ವಿಮಾನಗಳನ್ನೇ ಇಳಿಸದೆ, ಹಾರಿಸದೆ ನಿಲ್ಲಿಸುತ್ತಾರೆ. ಅದನ್ನು ಶಿಸ್ತು ಎಂದು ಹೊಗಳುವ ಭಾಷಣ ನಮ್ಮ ಕಾಲೇಜಿನಲ್ಲೂ ಕೇಳಿದ್ದೇನೆ. ಹದಿನೆಂಟರ ಮಕ್ಕಳ ಮೇಲೆ ಒಂದು ದೇಶ ಅಷ್ಟು ಭಾರ ಹೊರಿಸುತ್ತದಲ್ಲ ಎಂದು ನನಗೆ ಅನಿಸಿತು.

ಜಿಲ್ಲೆಯ ಪದವಿ ಕಾಲೇಜುಗಳಲ್ಲಿ ಸಂಜೆ ಖಾಲಿ ಇರುವ ಒಂದು ಕೊಠಡಿ, ಕನ್ನಡ ವ್ಯಾಕರಣ ಗೊತ್ತಿರುವ ಒಬ್ಬ ಮೇಷ್ಟ್ರು, ಕೊರಿಯನ್ ಬಲ್ಲ ಒಬ್ಬರು, ಇಷ್ಟಿದ್ದರೆ ಕನ್ನಡದ ಮೂಲಕವೇ ಕೊರಿಯನ್ ಕಲಿಸುವ ತರಗತಿ ಶುರುವಾಗಬಹುದು. ಬೆಂಗಳೂರು ಉತ್ತರ ವಿಶ್ವವಿದ್ಯಾಲಯ ಇದನ್ನೊಂದು ಸರ್ಟಿಫಿಕೇಟ್ ಕೋರ್ಸ್ ಮಾಡಿದರೆ ಇನ್ನೂ ಒಳ್ಳೆಯದು. ಟೋಪಿಕ್ ಎಂಬ ಕೊರಿಯನ್ ಭಾಷಾ ಪರೀಕ್ಷೆಯಲ್ಲಿ ಆರು ಹಂತಗಳಿವೆ. ಕೆಲಸಕ್ಕೆ ಕೇಳುವವರು ಯಾವ ಹಂತ ಎಂದು ಕೇಳುತ್ತಾರೆ. ಲಿಪಿಯನ್ನಂತೂ ಕಾಯದೆ ಶುರು ಮಾಡಿ. ದೊರೆ ಸೆಜೊಂಗ್ 1446ರಲ್ಲಿ ಓದು ಬಾರದ ಜನರಿಗೆಂದೇ ಜಾರಿಗೆ ತಂದ ಅಕ್ಷರಗಳು ಅವು. ಈಗ ಬಳಕೆಯಲ್ಲಿರುವ ಮೂಲಾಕ್ಷರಗಳು ಇಪ್ಪತ್ತನಾಲ್ಕೇ, ನಮ್ಮ ವರ್ಣಮಾಲೆಯ ಅರ್ಧ. ನನಗೆ ನಾಲ್ಕು ದಿನ ಹಿಡಿಯಿತು.