‘ರಾಜಾ ಆಊ’ ಅಂತಾರೆ, ರಾಣಿಯ ಕತೆ ಏನು?

2025ರ ಮಾರ್ಚ್ 9ರಂದು ನೇಪಾಳದ ಮಾಜಿ ರಾಜ ಜ್ಞಾನೇಂದ್ರ ಪೋಖರಾದಿಂದ ಕಾಠ್ಮಂಡುಗೆ ಬಂದಿಳಿದಾಗ ಸಾವಿರಾರು ಜನ ‘ರಾಜಾ ಆಊ, ದೇಶ ಬಚಾಊ’ ಅಂತ ಕೂಗಿದ್ರು. ಓಲಿ, ದೇವುಬಾ, ಪ್ರಚಂಡ ಈ ಮೂವರ ನಡುವೆಯೇ ಗಿರಕಿ ಹೊಡೆಯುತ್ತಿದ್ದ ಕುರ್ಚಿ, ಕೆಲಸ ಹುಡುಕಿ ಗಲ್ಫ್‌ಗೆ ಹೋಗುವ ಯುವಕರು. ಸಿಟ್ಟಿಗೆ ಕಾರಣ ಇತ್ತು. ಆದರೆ ಅರಮನೆಯ ಕಾಲ ಚೆನ್ನಾಗಿತ್ತು ಅನ್ನೋರು ಅಲ್ಲಿ ರಾಣಿಯರು ಹೇಗೆ ಬದುಕಿದ್ರು ಅಂತಲೂ ಒಮ್ಮೆ ನೋಡಬೇಕು.

1846ರಿಂದ 1951ರವರೆಗೆ ನೇಪಾಳವನ್ನು ನಿಜವಾಗಿ ಆಳಿದ್ದು ರಾಣಾ ಮನೆತನ. ಶಾ ದೊರೆಗಳು ಹೆಸರಿಗಷ್ಟೇ. ರಾಣಾಗಳ ಅಧಿಕಾರ ಹೋಯ್ತು, ಬೀಗತನ ಹೋಗಲಿಲ್ಲ. ಮಹೇಂದ್ರ ಮೊದಲ ಪತ್ನಿ ಇಂದ್ರಾ ತೀರಿಕೊಂಡ ಮೇಲೆ ಆಕೆಯ ತಂಗಿ ರತ್ನಾರನ್ನೇ ಮದುವೆಯಾದರು. ಮುಂದೆ ಅವರ ಮೂವರು ಗಂಡುಮಕ್ಕಳಿಗೆ ಒಂದೇ ರಾಣಾ ಮನೆಯ ಮೂವರು ಅಕ್ಕತಂಗಿಯರು ಬಂದರು: ಬೀರೇಂದ್ರರಿಗೆ ಐಶ್ವರ್ಯ, ಜ್ಞಾನೇಂದ್ರರಿಗೆ ಕೋಮಲ್, ಧೀರೇಂದ್ರರಿಗೆ ಪ್ರೇಕ್ಷಾ. ಇದನ್ನು ಮದುವೆ ಅನ್ನೋದಕ್ಕಿಂತ ಮೈತ್ರಿಕೂಟ ಅನ್ನಬಹುದು.

ಐಶ್ವರ್ಯ ‘ಚಾಂದನಿ ಶಾ’ ಹೆಸರಲ್ಲಿ ಹಾಡು ಬರೀತಿದ್ರು. ಬೀದಿಗೆ ಗೊತ್ತಿದ್ದದ್ದು ಬೇರೆ ಐಶ್ವರ್ಯ. 1990ರ ಜನಾಂದೋಲನದ ಹೊತ್ತಿಗೆ ಘೋಷಣೆಗಳು ರಾಜನಿಗಿಂತ ರಾಣಿಯ ಮೇಲೆ ಹರಿತವಾಗಿದ್ದವು. ರಾಜ ಪಾಪದವನು, ಕೆಡಿಸಿದವಳು ಹೆಂಡತಿ! ನಮ್ಮ ಕಡೆ ಮನೆಮನೆಯಲ್ಲೂ ಕೇಳುವ ಮಾತೇ ಇದು. 2001ರ ಜೂನ್ 1ರ ರಾತ್ರಿ ನಾರಾಯಣಹಿಟಿ ಅರಮನೆಯಲ್ಲಿ ಆಕೆಯೂ ಸೇರಿ ರಾಜಕುಟುಂಬ ಬಲಿಯಾಯ್ತು. ಅಧಿಕೃತ ತನಿಖೆ ಹೇಳಿದ್ದು, ಗುಂಡು ಹಾರಿಸಿದ್ದು ಯುವರಾಜ ದೀಪೇಂದ್ರ ಅಂತ. ಜನ ಮಾತ್ರ ಇವತ್ತಿಗೂ ಮಗನ ಪ್ರೇಮಕ್ಕೆ ಅಡ್ಡ ಬಂದ ತಾಯಿಯ ಕತೆಯನ್ನೇ ಮೊದಲು ಹೇಳ್ತಾರೆ.

ಅವತ್ತು ಕೋಮಲ್‌ಗೂ ಗುಂಡು ತಗುಲಿತ್ತು. ಜೂನ್ 4ರಂದು ಗಂಡನಿಗೆ ಕಿರೀಟ ಇಟ್ಟಾಗ ಆಕೆ ಆಸ್ಪತ್ರೆಯಲ್ಲಿದ್ರು. ರಾಣಿಯಾದದ್ದು ಅಲ್ಲೇ, ಅಕ್ಕನನ್ನು ಕಳೆದುಕೊಂಡು. ಅದೇ ನವೆಂಬರ್‌ನಲ್ಲಿ ಪ್ರೇಕ್ಷಾ ಹೆಲಿಕಾಪ್ಟರ್ ದುರಂತದಲ್ಲಿ ಸತ್ತರು. ಏಳು ವರ್ಷ ಕಳೆಯೋದರೊಳಗೆ, 2008ರ ಮೇ 28ರಂದು, ಸಂವಿಧಾನ ಸಭೆ ರಾಜಪ್ರಭುತ್ವವನ್ನೇ ತೆಗೆದುಹಾಕಿತು.

ಗಣರಾಜ್ಯ ಎಡವಿದ್ದು ಬೇಕಾದಷ್ಟಿದೆ, 2025ರ ಸೆಪ್ಟೆಂಬರ್‌ನಲ್ಲಿ ಹುಡುಗರು ಬೀದಿಗಿಳಿದದ್ದೇ ಅದಕ್ಕೆ. ಆದರೆ ಓಲಿ ಸರ್ಕಾರ ಬಿದ್ದ ಮೇಲೆ ಮಧ್ಯಂತರ ಪ್ರಧಾನಿ ಆದದ್ದು ಸುಶೀಲಾ ಕರ್ಕಿ. ಹಿಂದೆ ಅದೇ ದೇಶದ ಮೊದಲ ಮಹಿಳಾ ಮುಖ್ಯ ನ್ಯಾಯಮೂರ್ತಿ. ಅವರು ಯಾರ ಹೆಂಡತಿ ಅಂತ ಆ ಹುಡುಗರು ಕೇಳಲಿಲ್ಲ.