ಹೊಳೆಯ ಮೀನು ಹೊಳೆಯಲ್ಲಿರಲಿ

ಘಟ್ಟದ ಮೇಲಿನ ಪೇಟೆಗಳಲ್ಲಿ ಬಣ್ಣದ ಮೀನಿನ ಅಂಗಡಿ ಈಗ ಅಪರೂಪದ ಸಂಗತಿಯಲ್ಲ. ಪ್ಲಾಸ್ಟಿಕ್ ಚೀಲದಲ್ಲಿ ನೀರು ತುಂಬಿ ಕಟ್ಟಿಕೊಟ್ಟ ಮೀನು ಸಂಜೆಯ ಬಸ್ಸೇರಿ ಹಳ್ಳಿಯ ಮನೆಯ ಜಗಲಿಯನ್ನೂ ತಲುಪುತ್ತಿದೆ. ಈ ಹವ್ಯಾಸದ ಬೆನ್ನಿಗೇ ಒಂದು ವಾದವೂ ಹುಟ್ಟಿಕೊಂಡಿದೆ. ಅಮೆಜಾನಿನ ಏಂಜೆಲ್ ಮೀನಿಗೆ ಹಣ ಸುರಿಯುವುದೇಕೆ, ಊರ ಹಳ್ಳದಲ್ಲಿ ಅದಕ್ಕಿಂತ ಚೆಲುವಾದ ಮೀನುಗಳಿಲ್ಲವೇ, ಅವನ್ನೇ ಹಿಡಿದು ಸಾಕಿದರೆ ಸ್ವದೇಶಿಯೂ ಆಯಿತು, ಪರಿಸರಪ್ರೇಮವೂ ಆಯಿತು ಎಂಬುದು ಆ ವಾದ. ಕೇಳುವುದಕ್ಕೆ ಇದು ಹಿತವಾಗಿದೆ. ಆದರೆ ಸ್ವದೇಶಿಯ ಹೆಸರಿನಲ್ಲಿ ಹಳ್ಳವನ್ನೇ ಬರಿದು ಮಾಡುವ ವಾದವಿದು.

ಈ ದಾರಿ ಎಲ್ಲಿಗೆ ಒಯ್ಯುತ್ತದೆ ಎಂಬುದಕ್ಕೆ ಕೇರಳದ ಹೊಳೆಗಳೇ ಸಾಕ್ಷಿ. ಕಪ್ಪು ಪಟ್ಟೆಯ ಮೇಲೆ ಕೆಂಪು ಗೆರೆ ಎಳೆದಂತಿರುವ 'ಮಿಸ್ ಕೇರಳ' ಮೀನನ್ನು ಫ್ರಾನ್ಸಿಸ್ ಡೇ 1865ರಲ್ಲಿ ವಿಜ್ಞಾನಲೋಕಕ್ಕೆ ಪರಿಚಯಿಸಿದ. ಅನಂತರ ಶತಮಾನಕ್ಕೂ ಮಿಕ್ಕಿದ ಕಾಲ ಅದು ಘಟ್ಟದ ತಿಳಿನೀರಿನಲ್ಲಿ ತನ್ನ ಪಾಡಿಗೆ ತಾನು ಬಾಳಿತು. 1990ರ ದಶಕದ ಕೊನೆಯಲ್ಲಿ ಸಿಂಗಪುರದ ಅಲಂಕಾರಿಕ ಮೀನುಗಳ ಪ್ರದರ್ಶನದಲ್ಲಿ ಅದಕ್ಕೆ ಬಹುಮಾನ ಬಂತು. ಆ ಬಹುಮಾನವೇ ಅದಕ್ಕೆ ಶಾಪವಾಯಿತು. ಬಲೆಗಳು ಹೊಳೆಗಿಳಿದವು. ಇಂದು ಅದು ಅಂತಾರಾಷ್ಟ್ರೀಯ ಕೆಂಪು ಪಟ್ಟಿಯಲ್ಲಿ ಅಳಿವಿನ ಅಪಾಯದಲ್ಲಿರುವ ಜೀವಿಯಾಗಿದೆ. 2008ರಲ್ಲಿ ಕೇರಳ ಸರ್ಕಾರ ವರ್ಷದ ಕೆಲವು ತಿಂಗಳು ಅದನ್ನು ಹಿಡಿಯಬಾರದೆಂದು ನಿರ್ಬಂಧ ಹಾಕಿತು. ಆ ತಿಂಗಳುಗಳಿಗೂ ಮೀನು ಮೊಟ್ಟೆಯಿಡುವ ಕಾಲಕ್ಕೂ ತಾಳೆಯಾಗುವುದಿಲ್ಲವೆಂದು ಸಂಶೋಧಕರು ಆಮೇಲೆ ತೋರಿಸಿದರು. ಮೀನಿನ ಬದುಕನ್ನು ಅರಿಯದೆ ಬರೆದ ಕಾನೂನು ಮೀನನ್ನು ಕಾಯುವುದು ಹೇಗೆ?

ಇದು ನೆರೆರಾಜ್ಯದ ಮಾತೆಂದು ಕರ್ನಾಟಕದ ಮಲೆನಾಡು ನಿಶ್ಚಿಂತೆಯಿಂದ ಇರುವಂತಿಲ್ಲ. 2013ರಲ್ಲಿ ಪ್ರಕಟವಾದ ಅಧ್ಯಯನವೊಂದರ ಪ್ರಕಾರ, 2005ರಿಂದ 2012ರವರೆಗೆ ಅಪಾಯದಲ್ಲಿರುವ 30 ಪ್ರಭೇದಗಳ ಕನಿಷ್ಠ 15 ಲಕ್ಷ ಸಿಹಿನೀರಿನ ಮೀನುಗಳು ಭಾರತದಿಂದ ಹೊರದೇಶಗಳ ಗಾಜಿನ ತೊಟ್ಟಿಗಳಿಗೆ ರಫ್ತಾದವು. ಅವುಗಳಲ್ಲಿ ದೊಡ್ಡ ಪಾಲು ಪಡೆದ ಪ್ರಭೇದಗಳಲ್ಲಿ 'ಝೀಬ್ರಾ ಲೋಚ್' ಒಂದು. ಮೈತುಂಬ ಪಟ್ಟೆಗಳಿರುವ ಈ ಪುಟ್ಟ ಮೀನನ್ನು 1920ರಲ್ಲಿ ಸಿ. ಆರ್. ನಾರಾಯಣ ರಾವ್ ಹೊಸ ಪ್ರಭೇದವೆಂದು ವರ್ಣಿಸಿದ್ದು ತೀರ್ಥಹಳ್ಳಿಯ ತುಂಗಾ ನದಿಯಲ್ಲಿ ದೊರೆತ ಮಾದರಿಯಿಂದ. ಅಣೆಕಟ್ಟು, ಮರಳು ಗಣಿಗಾರಿಕೆ, ತೋಟಗಳಿಂದ ಹರಿದು ಬರುವ ವಿಷ, ಇವೆಲ್ಲವನ್ನೂ ಸಹಿಸಿಕೊಂಡು ಉಳಿದ ಜೀವಿಗೆ ಈಗ ಹವ್ಯಾಸದ ಬಲೆಯೂ ಬೇಕೆ? ಶೃಂಗೇರಿಯಲ್ಲಿ, ಶಿಶಿಲದಲ್ಲಿ ದೇವರ ಮೀನೆಂದು ಕೈಮುಗಿದು ಅಕ್ಕಿ ಎರಚುವ ಕೈಗಳೇ, ಗುಡಿಯಿಲ್ಲದ ಹಳ್ಳದ ಮೀನನ್ನು ಬಾಟಲಿಗೆ ತುಂಬುವುದು ಯಾವ ಭಕ್ತಿ?

ಆದುದರಿಂದ ಮನೆಯಲ್ಲಿ ತೊಟ್ಟಿ ಇಡಲೇಬೇಕೆನ್ನುವವರ ಮುಂದಿರುವ ಪ್ರಶ್ನೆ ಮೀನು ದೇಶಿಯೋ ವಿದೇಶಿಯೋ ಎಂಬುದಲ್ಲ, ಅದು ಎಲ್ಲಿ ಹುಟ್ಟಿತು ಎಂಬುದು. ಏಂಜೆಲ್ ಮೀನಿನ ಮೂಲ ದಕ್ಷಿಣ ಅಮೆರಿಕದ ಅಮೆಜಾನ್ ಜಲಾನಯನದ ನಿಧಾನವಾಗಿ ಹರಿಯುವ ನೀರು. ಆದರೆ ಇಂದು ಅಂಗಡಿಗಳಲ್ಲಿ ಮಾರಾಟವಾಗುವ ಸಾಮಾನ್ಯ ಏಂಜೆಲ್‌ಗಳು ಬಹುಪಾಲು ಅನೇಕ ತಲೆಮಾರುಗಳಿಂದ ತೊಟ್ಟಿಯಲ್ಲೇ ಹುಟ್ಟಿ ಬೆಳೆದವು. ಚೆನ್ನೈ ಬಳಿಯ ಕೊಳತ್ತೂರಿನಂತಹ ಕಡೆ ಬಣ್ಣದ ಮೀನುಗಳ ಮರಿ ಮಾಡುವುದೇ ಅನೇಕ ಕುಟುಂಬಗಳ ಕಸುಬು. ಅಂತಹ ಮೀನನ್ನು ಕೊಂಡರೆ ಯಾವ ಹೊಳೆಯೂ ಬಡವಾಗುವುದಿಲ್ಲ. ಕಾಡುನದಿಯಿಂದ ಹಿಡಿದು ತರುವ 'ಆಲ್ಟಮ್' ಜಾತಿಯ ಏಂಜೆಲ್ ಮಾತ್ರ ಈ ಮಾತಿಗೆ ಹೊರತು. ಅದನ್ನು ಕೊಳ್ಳದಿರುವುದೇ ಲೇಸು.

ಹಾಗೆಂದ ಮಾತ್ರಕ್ಕೆ ಬಣ್ಣದ ಮೀನಿನ ವ್ಯಾಪಾರ ನಿರ್ದೋಷಿಯೆಂದು ಅರ್ಥವಲ್ಲ. ಏಂಜೆಲ್ ಜೋಡಿ ಎಲೆಯ ಮೇಲೆ ಮೊಟ್ಟೆಯಿಟ್ಟು ಗಂಡು ಹೆಣ್ಣು ಎರಡೂ ಕಾವಲು ಕಾಯುವಂಥದು. ವ್ಯಾಪಾರಕ್ಕೆ ಅಷ್ಟು ಸಹನೆಯಿಲ್ಲ. ಮೊಟ್ಟೆಗಳನ್ನು ಬೇರ್ಪಡಿಸಿ, ಔಷಧ ಹಾಕಿದ ನೀರಿನಲ್ಲಿ ಮರಿ ಮಾಡಿಸಿ, ಒಂದೇ ಸಂತಾನದೊಳಗೆ ಮತ್ತೆ ಮತ್ತೆ ಕೂಡಿಸಿ, ಬಣ್ಣವೊಂದನ್ನೇ ನೋಡಿ ಆರಿಸಿದರೆ ಹುಟ್ಟುವುದು ಚೆಂದದ ರೋಗಿ. ಕಿವಿರಿನ ಮುಚ್ಚಳ ಮೊಟಕಾದ, ರೆಕ್ಕೆ ಸೊಟ್ಟಗಾದ ಮರಿಗಳು ಇದರ ಫಲ. ಅಂತಹ ಮೀನು ಮನೆಗೆ ಬಂದ ವಾರದಲ್ಲೇ ಸತ್ತರೆ ನಷ್ಟ ಕೊಂಡವನದು, ಲಾಭ ಮಾರಿದವನದು. ಏಕೆಂದರೆ ಖಾಲಿ ತೊಟ್ಟಿ ಮತ್ತೊಂದು ಮೀನನ್ನು ಕೇಳುತ್ತದೆ. ಗಟ್ಟಿಮುಟ್ಟಾದ ಮೀನನ್ನೇ ಆರಿಸಿ ವರ್ಷಾನುಗಟ್ಟಲೆ ಬಾಳಿಸುವವನು ಈ ಸರಪಳಿಯನ್ನು ಕಡಿಯುತ್ತಾನೆ. ಚೆನ್ನಾಗಿ ನೋಡಿಕೊಂಡರೆ ಏಂಜೆಲ್ ಹತ್ತು ವರ್ಷದವರೆಗೂ ಬದುಕಬಲ್ಲದು.

ಆರಿಸುವ ಬಗೆ ಕಷ್ಟದ್ದೇನಲ್ಲ. ಮೊದಲು ಮೀನನ್ನಲ್ಲ, ಅಂಗಡಿಯ ತೊಟ್ಟಿಯನ್ನು ನೋಡಬೇಕು. ಅದರಲ್ಲಿ ಒಂದು ಸತ್ತ ಮೀನಿದ್ದರೂ, ಒಂದರ ಮೈಮೇಲೆ ಉಪ್ಪಿನ ಹರಳಿನಂತಹ ಬಿಳಿ ಚುಕ್ಕೆಗಳಿದ್ದರೂ, ಆ ತೊಟ್ಟಿಯ ಯಾವ ಮೀನೂ ಬೇಡ. ಆರೋಗ್ಯವಂತ ಏಂಜೆಲ್ ಬೆನ್ನಿನ ರೆಕ್ಕೆಯನ್ನು ಪಾಲಿನಂತೆ ಎತ್ತಿ ಹಿಡಿದಿರುತ್ತದೆ. ರೆಕ್ಕೆ ಮಡಚಿಕೊಂಡು ಮೂಲೆ ಸೇರಿದ್ದು ಆಗಲೇ ಸೋತಿದೆ. ಕಣ್ಣು ತಿಳಿಯಾಗಿರಬೇಕು. ಎರಡೂ ಕಿವಿರುಗಳು ಪೂರ್ತಿ ಮುಚ್ಚಿಕೊಂಡು ಸಮಗತಿಯಲ್ಲಿ ಆಡಬೇಕು. ನೀರಿನ ಮೇಲ್ಮೈಗೆ ಬಂದು ಬಾಯಿ ಬಿಡುತ್ತಿದ್ದರೆ ಕೊಳ್ಳಬಾರದು. ಹೊಟ್ಟೆ ಒಳಗೆ ಹೋಗಿರಬಾರದು. ಬಿಳಿ ನೂಲಿನಂತಹ ಮಲ ಜೋತಾಡುತ್ತಿದ್ದರೆ ಕರುಳಿನಲ್ಲಿ ಪರಾವಲಂಬಿ ಸೇರಿದೆಯೆಂಬ ಶಂಕೆ ಬೇಕು. ತನ್ನ ಮುಂದೆಯೇ ಆಹಾರ ಹಾಕುವಂತೆ ಕೇಳುವುದು ಕೊಳ್ಳುವವನ ಹಕ್ಕು. ಓಡಿಬಂದು ತಿನ್ನುವ ಮೀನೇ ಮನೆಗೆ ತಕ್ಕ ಮೀನು. ತೀರ ಎಳೆಯ ಮರಿಗಳು ಬೇಡ. ರೆಕ್ಕೆ ಬಿಟ್ಟು ಮೈಯಷ್ಟೇ ಹತ್ತು ರೂಪಾಯಿ ನಾಣ್ಯದಷ್ಟಾದರೂ ಅಗಲವಿರಲಿ. ಸೆರಗಿನಂತೆ ಜೋಲುವ ಉದ್ದ ರೆಕ್ಕೆಯ, ಕೆಂಗಣ್ಣಿನ ಬಿಳಿಯ ತಳಿಗಳ ಬೆಡಗಿಗೆ ಮರುಳಾಗುವುದಕ್ಕಿಂತ, ಮೂಲ ಮೀನಿನ ರೂಪವನ್ನೇ ಹೋಲುವ ಬೆಳ್ಳಿಬಣ್ಣದ ಕಪ್ಪು ಪಟ್ಟೆಯ ಏಂಜೆಲ್ ಹೊಸಬರಿಗೆ ನಂಬಿಕೆಯ ಆಯ್ಕೆ.

ಆರಿಸಿದ ಮೇಲೆ ಹೊಣೆ ಮುಗಿಯುವುದಿಲ್ಲ, ಆರಂಭವಾಗುತ್ತದೆ. ಏಂಜೆಲ್ ಅಗಲಕ್ಕಿಂತ ಎತ್ತರಕ್ಕೆ ಬೆಳೆಯುವ ಮೀನು. ಅದನ್ನು ಮೇಜಿನ ಮೇಲಿನ ಗುಂಡು ಬಟ್ಟಲಿನಲ್ಲಿಡುವುದು ಸಾಕಣೆಯಲ್ಲ, ಹಿಂಸೆ. ಒಂದು ಜೋಡಿಗೆ ನೂರು ಲೀಟರ್ ನೀರು ಹಿಡಿಯುವ, ಒಂದೂವರೆ ಅಡಿ ಎತ್ತರದ ತೊಟ್ಟಿಯಾದರೂ ಬೇಕು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಕರಗಿಸುವ ಸೂಕ್ಷ್ಮಾಣುಗಳು ಫಿಲ್ಟರಿನಲ್ಲಿ ನೆಲೆಯೂರಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಷ್ಟು ಕಾಯಲಾರದವರು ಮೀನು ಸಾಕಬಾರದು. ಮಲೆನಾಡಿನ ಮೆದುನೀರು ಈ ಮೀನಿಗೆ ಒಗ್ಗುತ್ತದೆ, ಮಲೆನಾಡಿನ ಮಾಗಿಯ ಚಳಿ ಒಗ್ಗುವುದಿಲ್ಲ. ಅದಕ್ಕೆ ಸುಮಾರು 24ರಿಂದ 28 ಡಿಗ್ರಿ ಸೆಲ್ಸಿಯಸ್ ಬೆಚ್ಚಗಿನ ನೀರು ಬೇಕು. ಹೀಟರಿಗೆ ಹಣವಿಲ್ಲದ, ವಿದ್ಯುತ್ತಿನ ಭರವಸೆಯಿಲ್ಲದ ಮನೆಗೆ ಏಂಜೆಲ್ ತರುವುದು ಅದನ್ನು ಧನುರ್ಮಾಸದಲ್ಲಿ ಕೊಲ್ಲಲು ತಂದಂತೆ.

ಇಷ್ಟೆಲ್ಲ ಮಾಡಿಯೂ ತೊಟ್ಟಿಯೊಂದು ಸೆರೆಮನೆಯಲ್ಲವೇ ಎಂದು ಕೇಳುವವರಿದ್ದಾರೆ. ಅವರ ಪ್ರಶ್ನೆ ನ್ಯಾಯವಾದುದು. ಮನೆಯ ಹಿಂದೆ ಹಳ್ಳ ಹರಿಯುವ ಊರಿನ ಮಕ್ಕಳಿಗೆ ಆ ಹಳ್ಳಕ್ಕಿಂತ ದೊಡ್ಡ ಅಕ್ವೇರಿಯಂ ಬೇರೊಂದಿಲ್ಲ. ಬಂಡೆಯ ಮೇಲೆ ಅರ್ಧ ಗಂಟೆ ಸದ್ದಿಲ್ಲದೆ ಕೂತವರಿಗೆ ಕಾಣುವಷ್ಟು ಮೀನು ಯಾವ ಅಂಗಡಿಯಲ್ಲೂ ಕಾಣದು. ಅದು ಸಾಲದು, ಸಾಕಿಯೇ ಕಲಿಯಬೇಕೆನ್ನುವವರಿಗೆ ಮಾತ್ರ ಮೇಲಿನ ಕಟ್ಟಳೆಗಳು.

ಕೊನೆಯ ಕಟ್ಟಳೆ ಎಲ್ಲಕ್ಕಿಂತ ಕಠಿಣವಾದುದು: ತೊಟ್ಟಿಯ ಮೀನು ಎಂದಿಗೂ ಹೊಳೆ ಸೇರಕೂಡದು. ಬೇಸರ ಬಂದಾಗ, ಊರು ಬಿಡುವಾಗ, 'ಬದುಕಿಕೊಳ್ಳಲಿ ಪಾಪ' ಎಂದು ಕೆರೆಗೆ ಬಿಡುವ ಕರುಣೆ ಕೆರೆಯ ಪಾಲಿಗೆ ಕ್ರೌರ್ಯ. ತೊಟ್ಟಿಯ ಪಾಚಿ ತಿನ್ನಲೆಂದು ಮಾರುವ ದಕ್ಷಿಣ ಅಮೆರಿಕದ ಸಕ್ಕರ್ ಮೀನು ಇಂದು ದಕ್ಷಿಣ ಭಾರತದ ಹಲವು ಕೆರೆ ಹೊಳೆಗಳಲ್ಲಿ ಬೀಡುಬಿಟ್ಟು ಬೆಸ್ತರ ಬಲೆ ಹರಿಯುತ್ತಿದೆ. 2018ರ ಮಹಾಪೂರದ ಬಳಿಕ ಕೇರಳದ ಚಾಲಕುಡಿ ಹೊಳೆಯಲ್ಲಿ ಅಮೆಜಾನಿನ ದೈತ್ಯಮೀನು ಅರಪೈಮಾ ಬಲೆಗೆ ಬಿತ್ತು. ಒಂದು ಏಂಜೆಲ್ ಏನು ಮಾಡೀತು ಎನ್ನುವವರು, ಅದರ ಜೊತೆಗೆ ಹೋಗುವ ರೋಗಾಣುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಬೇಡವಾದ ಮೀನನ್ನು ಅಂಗಡಿಗೋ ಮತ್ತೊಬ್ಬ ಸಾಕುವವರಿಗೋ ಕೊಡಬೇಕು, ಸತ್ತದ್ದನ್ನು ಹೂಳಬೇಕು, ಬದಲಿಸಿದ ನೀರು ಹಳ್ಳಕ್ಕಲ್ಲ, ಅಡಿಕೆಯ ಬುಡಕ್ಕೆ ಹೋಗಬೇಕು.

ಮೀನು ಎಲ್ಲಿಯದೆಂದು ಹೇಳಲಾರದ ಅಂಗಡಿಯಲ್ಲಿ ಕೊಳ್ಳದಿರುವುದು, ಹಳ್ಳದ ಮೀನನ್ನು ಮಾರಾಟಕ್ಕಿಟ್ಟವರನ್ನು ಊರ ನಾಲ್ಕು ಜನರ ಮುಂದೆ ಪ್ರಶ್ನಿಸುವುದು, ಶಾಲೆಯ ವಿಜ್ಞಾನ ಪ್ರದರ್ಶನಕ್ಕೆ ಹೊಳೆಯಿಂದ ಮೀನು ತುಂಬಿ ತರುವ ಪರಿಪಾಠವನ್ನು ನಿಲ್ಲಿಸುವುದು, ಇವು ಇಂದೇ ಆಗಬಹುದಾದ ಕೆಲಸಗಳು. ಇವುಗಳಿಗೆ ಕಾನೂನು ಕಾಯಬೇಕಿಲ್ಲ, ಸರ್ಕಾರ ಬರಬೇಕಿಲ್ಲ. ತುಂಗೆಯ ಪಟ್ಟೆ ಮೀನು ತುಂಗೆಯ ಕಲ್ಲುಗಳ ನಡುವೆ ಉಳಿಯುವುದೋ ಇಲ್ಲವೋ ಎಂಬುದು ಆ ದಡದ ಜನ ಇಂದು ಏನನ್ನು ಕೊಳ್ಳುತ್ತಾರೆ, ಏನನ್ನು ಹಿಡಿಯದೆ ಬಿಡುತ್ತಾರೆ ಎಂಬುದರ ಮೇಲೂ ನಿಂತಿದೆ.